ಕುವೈತಿನಲ್ಲಿ ಹುಟ್ಟಿದ ನಾಯಕತ್ವ, ಕುವೈತಿನಿಂದ ಹೊರಬಿದ್ದ ಜನ

ಕುವೈತ್ ಅಂದರೆ ನಮ್ಮ ಕರಾವಳಿಯವರಿಗೆ ದಿನಾರು, ಬಿಸಿಲು, ಮಂಗಳೂರು ವಿಮಾನದ ಟಿಕೆಟ್ ರೇಟು. ಆದರೆ ಪ್ಯಾಲೆಸ್ತೀನಿಯರ ರಾಜಕೀಯದ ಒಂದು ದೊಡ್ಡ ಭಾಗ ಶುರುವಾಗಿದ್ದೂ ಇದೇ ಊರಲ್ಲಿ. ಶುರು ಮಾಡಿದವರು ನಮ್ಮ ಹಾಗೆಯೇ ಸಂಬಳಕ್ಕೆ ಬಂದವರು.

1950ರ ದಶಕದ ಕೊನೆಯಲ್ಲಿ, ಮುಂದೆ ಪ್ಯಾಲೆಸ್ತೀನಿಯರ ನಾಯಕರಾದ ಯಾಸರ್ ಅರಾಫತ್ ಇಲ್ಲಿನ ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದರು. ಖಲೀಲ್ ಅಲ್-ವಜೀರ್ ಮತ್ತು ಸಲಾಹ್ ಖಲಫ್ ಶಾಲಾ ಮೇಷ್ಟ್ರುಗಳು. ಹಗಲು ಕೆಲಸ, ಬಿಡುವಿನಲ್ಲಿ ಗುಟ್ಟಾಗಿ ಸಂಘಟನೆ. ಪ್ಯಾಲೆಸ್ತೀನಿಯರ ಫತಹ್ ಪಕ್ಷ ಹುಟ್ಟಿದ್ದು ಹೀಗೆ. ಮುಂದೆ ಅದರ ಎದುರಾಳಿ ಇಸ್ಲಾಮಿ ಸಂಘಟನೆ ಹಮಾಸ್‌ನ ನಾಯಕರಾದ ಖಾಲಿದ್ ಮಶಾಲ್ ಬೆಳೆದದ್ದು, ಕುವೈತ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದ್ದು, ಪಾಠ ಹೇಳಿದ್ದು ಕೂಡ ಇಲ್ಲೇ. ಒಬ್ಬರ ಮುಖ ಒಬ್ಬರು ನೋಡದ ಎರಡು ಪಕ್ಷಗಳಿಗೂ ಈ ಮರಳಿನ ನಂಟು ಇದೆ.

ನಾನಿರುವುದು ಹವಲ್ಲಿಯಲ್ಲಿ. ಒಂದು ಕಾಲಕ್ಕೆ ಇದು ಪ್ಯಾಲೆಸ್ತೀನಿಯರದೇ ಪೇಟೆ. ಈಗ ಕೆಳಗಿನ ಅಂಗಡಿ ಈಜಿಪ್ಟಿನವರದು, ಪಕ್ಕದ ಮನೆ ಸಿರಿಯಾದವರದು, ಮೇಲಿನ ಮಹಡಿಯಲ್ಲಿ ಮಲಯಾಳಿಗಳು. ನಮ್ಮ ಆಫೀಸಿನ ಹಿರಿಯ ಪ್ಯಾಲೆಸ್ತೀನಿ ಅಕೌಂಟೆಂಟ್ ಒಬ್ಬರು ಚಿಕ್ಕಂದಿನಲ್ಲಿ ಇದೇ ಓಣಿಗಳಲ್ಲಿ ಆಡಿದವರು. ಎಲ್ಲರೂ ಅವರನ್ನು ಉಸ್ತಾದ್ ಅನ್ನುತ್ತಾರೆ, ನಾನೂ ಹಾಗೇ ಕರೆಯುವುದು. ಅಜ್ಜನ ಊರು ಈಗ ಇಸ್ರೇಲಿನಲ್ಲಿರುವ ಜಾಫಾ, ಪಾಸ್‌ಪೋರ್ಟ್ ಜೋರ್ಡಾನ್‌ದು, ಅರಬ್ಬಿ ಮಾತಿನ ಧಾಟಿ ಮಾತ್ರ ಅರ್ಧ ಕುವೈತಿ. ಮಧ್ಯಾಹ್ನದ ಚಹಾ ಹೊತ್ತಿಗೆ ಅವರ ಹತ್ತಿರ ಕೂತರೆ ಕತೆಗೆ ಬರವಿಲ್ಲ.

ಅವರ ಕೀ ಚೈನಿನಲ್ಲಿ ಹಂದಲಾ ತೂಗುತ್ತಿರುತ್ತಾನೆ. ಬರಿಗಾಲಿನ ಹುಡುಗ, ತೇಪೆ ಹಾಕಿದ ಬಟ್ಟೆ, ಕೈ ಹಿಂದಕ್ಕೆ ಕಟ್ಟಿಕೊಂಡು ನಮಗೆ ಬೆನ್ನು ತಿರುಗಿಸಿ ನಿಂತವನು. ಪ್ಯಾಲೆಸ್ತೀನಿ ವ್ಯಂಗ್ಯಚಿತ್ರಕಾರ ನಾಜಿ ಅಲ್-ಅಲಿ 1969ರಲ್ಲಿ ಕುವೈತಿನ ಪತ್ರಿಕೆಗೆ ಇವನನ್ನು ಬರೆದರು. ಆ ಮನುಷ್ಯ ಇಸ್ರೇಲನ್ನೂ ಬಿಡಲಿಲ್ಲ, ಅರಬ್ ದೊರೆಗಳನ್ನೂ ಬಿಡಲಿಲ್ಲ, ತಮ್ಮದೇ ನಾಯಕರನ್ನೂ ಬಿಡಲಿಲ್ಲ. 1987ರಲ್ಲಿ ಲಂಡನ್ನಿನ ಬೀದಿಯಲ್ಲಿ ಅವರಿಗೆ ಗುಂಡು ಬಿತ್ತು.

ನಾವು ಹೊರನಾಡಿನಲ್ಲಿ ಸಂಘ ಅಂತ ಕಟ್ಟಿದರೆ ಏನು ಮಾಡುತ್ತೇವೆ? ರಾಜ್ಯೋತ್ಸವ, ದೀಪಾವಳಿ, ಒಂದು ಕ್ರಿಕೆಟ್ ಟೂರ್ನಮೆಂಟು, ಆಮೇಲೆ ಅಧ್ಯಕ್ಷಗಿರಿಗೆ ಜಗಳ. ಪ್ಯಾಲೆಸ್ತೀನಿಯರು ಇಲ್ಲಿ ಕಟ್ಟಿದ್ದು ಹೆಚ್ಚುಕಮ್ಮಿ ಒಂದು ಸರ್ಕಾರವನ್ನೇ. ಮಹಿಳೆಯರ ಒಕ್ಕೂಟ, ಮೇಷ್ಟ್ರುಗಳ ಒಕ್ಕೂಟ, ವಿದ್ಯಾರ್ಥಿಗಳ ಒಕ್ಕೂಟ. 1967ರ ಅರಬ್-ಇಸ್ರೇಲ್ ಯುದ್ಧದ ನಂತರ ಕುಟುಂಬಗಳು ಒಟ್ಟೊಟ್ಟಿಗೆ ಬಂದು ಸರ್ಕಾರಿ ಶಾಲೆಗಳಲ್ಲಿ ಜಾಗ ಸಾಲದಾಯಿತು. ಆಗ ಪ್ಯಾಲೆಸ್ತೀನ್ ವಿಮೋಚನಾ ಸಂಘಟನೆ, ಅಂದರೆ ಪಿಎಲ್‌ಒ, ಅದೇ ಕಟ್ಟಡಗಳಲ್ಲಿ ಮಧ್ಯಾಹ್ನದ ಪಾಳಿಯ ಶಾಲೆ ನಡೆಸಿತು. ಇಲ್ಲಿ ದುಡಿಯುವ ಪ್ಯಾಲೆಸ್ತೀನಿಯರ ಸಂಬಳದಿಂದ ಒಂದು ಪಾಲನ್ನು ಸರ್ಕಾರವೇ ಮುರಿದು ಪಿಎಲ್‌ಒ ನಿಧಿಗೆ ಕೊಡುತ್ತಿತ್ತು. ನೆಲವಿಲ್ಲದ ಜನ ತೆರಿಗೆ ಕಟ್ಟುತ್ತಿದ್ದರು! 1974ರಲ್ಲಿ ರಬಾತ್ ಶೃಂಗಸಭೆಯಲ್ಲಿ ಅರಬ್ ದೇಶಗಳು ಪಿಎಲ್‌ಒವನ್ನು ಪ್ಯಾಲೆಸ್ತೀನಿಯರ ಏಕೈಕ ಪ್ರತಿನಿಧಿ ಎಂದು ಒಪ್ಪಿದವಲ್ಲ, ಆ ಮಾತಿಗೆ ಬಲ ಬಂದದ್ದು ಇಂಥ ಜನರಿಂದ. ಸಮ್ಮೇಳನದ ಠರಾವಿನಿಂದ ಅಷ್ಟೇ ಅಲ್ಲ.

ಆದರೆ ತೆರಿಗೆ ಕಟ್ಟಿದವರಿಗೆ ಓಟು ಇರಲಿಲ್ಲ. ಪಿಎಲ್‌ಒದ ಸಂಸತ್ತು ಅನ್ನಬಹುದಾದ ರಾಷ್ಟ್ರೀಯ ಮಂಡಳಿ 1964ರಲ್ಲಿ ಜೆರುಸಲೇಮಿನಲ್ಲಿ ಮೊದಲು ಸೇರಿತು. ಅದರ ಸೀಟುಗಳನ್ನು ಸಶಸ್ತ್ರ ಗುಂಪುಗಳು, ಒಕ್ಕೂಟಗಳು, ಗಣ್ಯರು ಅಂತ ಹಂಚಿಕೊಂಡರು. ಹವಲ್ಲಿಯ ಮೇಷ್ಟ್ರು ಮತಪೆಟ್ಟಿಗೆಯ ಮುಂದೆ ನಿಂತದ್ದೇನಿದ್ದರೂ ತನ್ನ ಒಕ್ಕೂಟಕ್ಕಾಗಿ, ಪಿಎಲ್‌ಒ ಮುಖ್ಯಸ್ಥ ಅರಾಫತ್‌ಗಾಗಿ ಅಲ್ಲ.

ಇದರ ಬೆಲೆ ತಿಳಿದದ್ದು 1990ರಲ್ಲಿ. ಆಗಸ್ಟ್ 2ರಂದು ಇರಾಕಿನ ಸದ್ದಾಂ ಹುಸೇನ್ ಸೈನ್ಯ ಕುವೈತಿಗೆ ನುಗ್ಗಿತು. ಅರಾಫತ್ ಬಾಗ್ದಾದಿಗೆ ಹೋಗಿ ಸದ್ದಾಂರನ್ನು ಅಪ್ಪಿಕೊಂಡರು. ಇಲ್ಲಿದ್ದ ಸುಮಾರು 4 ಲಕ್ಷ ಪ್ಯಾಲೆಸ್ತೀನಿಯರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಅವರಲ್ಲಿ ಇರಾಕನ್ನು ಬೆಂಬಲಿಸಿದವರೂ ಇದ್ದರು, ಕುವೈತಿ ನೆರೆಯವರಿಗೆ ನೆರವಾದವರೂ ಇದ್ದರು, ಬಾಗಿಲು ಹಾಕಿಕೊಂಡು ಕೂತವರೇ ಜಾಸ್ತಿ. ಸಲಾಹ್ ಖಲಫ್‌ಗೆ ಸದ್ದಾಂ ಜೊತೆಗಿನ ಈ ನಂಟು ಹಿಡಿಸಿರಲಿಲ್ಲ. 1991ರ ಜನವರಿ 14ರಂದು ಟ್ಯುನಿಸ್‌ನಲ್ಲಿ ಅವರ ಕೊಲೆಯಾಯಿತು. ಯುದ್ಧ ಮುಗಿದ ಮೇಲೆ ಸೇಡು, ಬಂಧನ, ಗಡಿಪಾರು. ಹೊರಗೆ ಹೋಗಿದ್ದವರಿಗೆ ವಾಪಸ್ ಬರಲು ಬಿಡಲಿಲ್ಲ. ಇಪ್ಪತ್ತು-ಮೂವತ್ತು ಸಾವಿರ ಮಂದಿ ಮಾತ್ರ ಉಳಿದರು.

ಉಸ್ತಾದ್ ಕುಟುಂಬ ಕಾರಿನಲ್ಲಿ ಇರಾಕ್ ದಾಟಿ ಜೋರ್ಡಾನಿನ ಅಮ್ಮಾನಿಗೆ ಹೋಯಿತು. ಅದೇ ದಾರಿಯಲ್ಲಿ, ಅದೇ ಊರಿಗೆ, ನಮ್ಮವರೂ ಹೋದರು. ಅಮ್ಮಾನಿನಿಂದ ಏರ್ ಇಂಡಿಯಾ 1 ಲಕ್ಷದ 70 ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಹೊತ್ತು ತಂದಿತು. ಮಂಗಳೂರು, ಉಡುಪಿಯ ಎಷ್ಟೋ ಮನೆಗಳಲ್ಲಿ ಆ ಕತೆ ಇನ್ನೂ ಇದೆ. ಯುದ್ಧ ಮುಗಿದ ಮೇಲೆ ನಮ್ಮವರು ಮತ್ತೆ ವೀಸಾ ಮಾಡಿಸಿಕೊಂಡು ಬಂದರು. ನಮ್ಮ ಸರ್ಕಾರವೂ ಆಗ ಸದ್ದಾಂ ಜೊತೆ ಕೈ ಕುಲುಕಿತ್ತು. ವಿದೇಶಾಂಗ ಮಂತ್ರಿ ಐ.ಕೆ. ಗುಜ್ರಾಲ್ ಬಾಗ್ದಾದಿನಲ್ಲಿ ಸದ್ದಾಂರನ್ನು ಆಲಿಂಗಿಸಿದ ಫೋಟೊ ಪ್ರಸಿದ್ಧ. ಅದಕ್ಕಾಗಿ ಕುವೈತಿನಲ್ಲಿ ಯಾವ ಬಂಟ್ವಾಳದವನೂ ಕೆಲಸ ಕಳೆದುಕೊಳ್ಳಲಿಲ್ಲ. ಅಪ್ಪುಗೆ ಒಂದೇ, ದಂಡ ಬೇರೆ. ನಮ್ಮ ಬೆನ್ನಿಗೆ ದೇಶವಿತ್ತು, ಅವರ ಬೆನ್ನಿಗೆ ಇದ್ದದ್ದು ಅರಾಫತ್ ಮಾತ್ರ.

2004ರ ಡಿಸೆಂಬರಿನಲ್ಲಿ, ಅರಾಫತ್ ನಂತರ ಪಿಎಲ್‌ಒ ಮುಖ್ಯಸ್ಥರಾದ ಮಹಮೂದ್ ಅಬ್ಬಾಸ್ ಕುವೈತಿಗೆ ಬಂದು, ಸದ್ದಾಂ ಪರ ನಿಂತದ್ದಕ್ಕೆ ಕ್ಷಮೆ ಕೇಳಿದರು. ಒಳ್ಳೆಯದೇ. ಆದರೆ ಕೇಳಿದ್ದು ಕುವೈತಿಗಳ ಹತ್ತಿರ. ಬದುಕು ಮುರಿದುಕೊಂಡು ಅಮ್ಮಾನ್ ಸೇರಿದ ತಮ್ಮದೇ ಜನರ ಹತ್ತಿರ ಯಾರು ಕೇಳಬೇಕಿತ್ತು?

ಅದೇ ಅಬ್ಬಾಸ್ 2005ರ ಜನವರಿಯಲ್ಲಿ 4 ವರ್ಷಕ್ಕೆ ಪ್ಯಾಲೆಸ್ತೀನ್ ಪ್ರಾಧಿಕಾರದ ಅಧ್ಯಕ್ಷರಾಗಿ ಆಯ್ಕೆಯಾದರು. ಆಮೇಲೆ ಅಧ್ಯಕ್ಷ ಚುನಾವಣೆಯೇ ನಡೆದಿಲ್ಲ. 2006ರ ಶಾಸನಸಭೆ ಚುನಾವಣೆಯಲ್ಲಿ 132 ಸೀಟುಗಳಲ್ಲಿ ಹಮಾಸ್ 74, ಫತಹ್ 45 ಗೆದ್ದವು. ಮರುವರ್ಷ ಎರಡೂ ಕಡೆಯವರು ಗಾಜಾದಲ್ಲಿ ಬಂದೂಕು ಹಿಡಿದು ಬಡಿದಾಡಿ ಆಳ್ವಿಕೆ ಎರಡಾಯಿತು, ಗಾಜಾ ಹಮಾಸ್ ಕೈಗೆ, ವೆಸ್ಟ್ ಬ್ಯಾಂಕ್ ಫತಹ್ ಕೈಗೆ. 2021ರ ಮೇಗೆ ಚುನಾವಣೆ ಅಂತ ಘೋಷಿಸಿದಾಗ 36 ಪಟ್ಟಿಗಳು ಕಣಕ್ಕಿಳಿದಿದ್ದವು. ಪೂರ್ವ ಜೆರುಸಲೇಮಿನಲ್ಲಿ ಮತದಾನಕ್ಕೆ ಇಸ್ರೇಲ್ ಒಪ್ಪುತ್ತಿಲ್ಲ ಎಂದು ಅಬ್ಬಾಸ್ ಅದನ್ನು ಮುಂದೂಡಿದರು. ನೆಪ ಸುಳ್ಳಲ್ಲ, ಆದರೆ ಫತಹ್ ಆಗ ಒಳಗೊಳಗೇ ಮೂರು ಪಟ್ಟಿಗಳಾಗಿ ಒಡೆದಿತ್ತು ಅನ್ನುವುದೂ ಸುಳ್ಳಲ್ಲ. ಇದೆಲ್ಲ ವೆಸ್ಟ್ ಬ್ಯಾಂಕ್, ಗಾಜಾ, ಪೂರ್ವ ಜೆರುಸಲೇಮಿನವರ ಓಟಿನ ಮಾತು. ಉಸ್ತಾದ್‌ನಂಥವರಿಗೆ ಅದೂ ಇಲ್ಲ.

ಕಳೆದ ಲೋಕಸಭೆ ಚುನಾವಣೆ ಹೊತ್ತಿಗೆ ನಾನು ಊರಿಗೆ ಹೋಗಿ ಓಟು ಹಾಕಿ ಬಂದೆ. ಬೆರಳಿನ ಶಾಯಿ ನೋಡಿ ಉಸ್ತಾದ್, "ಹಬೀಬಿ, ಗೆದ್ದರಾ ನಿಮ್ಮವರು?" ಅಂದರು. ಸೋತರು ಅಂದೆ. "ಪರವಾಗಿಲ್ಲ, ಸೋಲಿಸೋಕಾದರೂ ನಿಮಗೆ ಬಿಡ್ತಾರಲ್ಲ" ಅಂತ ಜೋರಾಗಿ ನಕ್ಕರು.

ನಮ್ಮಲ್ಲಿ ಗಾಜಾ ಮೂಲದ ಒಬ್ಬ ಎಂಜಿನಿಯರ್ ಹುಡುಗನೂ ಇದ್ದಾನೆ. ಉಸ್ತಾದ್ ಹಳೆಯ ಫತಹ್ ಕಡೆಯವರು. ಅವನಿಗೆ ಫತಹ್, ಹಮಾಸ್ ಎರಡರ ಹೆಸರೆತ್ತಿದರೂ ಸಿಟ್ಟು. ಚಹಾ ಆರುವವರೆಗೂ ವಾದ ನಡೆಯುತ್ತದೆ. ಮತದಾನ ಅಂತ ಆದರೆ ಯಾರಿಗೆ ಅಂತ ಕೇಳಿದರೆ ಇಬ್ಬರೂ ಹೇಳುವುದು ಒಂದೇ ಹೆಸರು, ಫತಹ್ ನಾಯಕ ಮರ್ವಾನ್ ಬರ್ಗೂತಿ. ಅವರು 2002ರಿಂದ ಇಸ್ರೇಲಿನ ಜೈಲಿನಲ್ಲಿದ್ದಾರೆ, ಐದು ಜೀವಾವಧಿ ಶಿಕ್ಷೆ.