ಕತ್ತರಿ ಹಾಕಿದ್ದು ನಾನೇ

ಅಪ್ಪ ಹೋದ್ಮೇಲೆ ತಿಪಟೂರಿನ ಅಂಗಡಿ ಖಾಲಿ ಮಾಡ್ತಾ ಇದ್ವಿ. ಗಲ್ಲಾಪೆಟ್ಟಿಗೆ ಅಡೀಲಿ ಹಾಸಿದ್ದ ಹಳೇ ಕ್ಯಾಲೆಂಡರ್ ಹಾಳೆ ಎತ್ತಿದ್ರೆ ಒಂದು ಪ್ಲಾಸ್ಟಿಕ್ ಕವರ್, ಅದ್ರಲ್ಲಿ ಒಂದ್ರೂಪಾಯಿ ನೋಟು ಒಂದಿಪ್ಪತ್ತು, ಎರಡ್ರೂಪಾಯಿದು ನಾಕೈದು, ಆಮೇಲೆ 786ರಲ್ಲಿ ಮುಗಿಯೋ ಒಂದು ಹತ್ರೂಪಾಯಿ ನೋಟು. ಬಿಸ್ಮಿಲ್ಲಾಹ್ ಅಕ್ಷರಗಳ ಲೆಕ್ಕ ಕೂಡಿದ್ರೆ 786 ಬರುತ್ತೆ, ಅದಕ್ಕೇ ಆ ನಂಬರ್ ಶುಭ ಅಂತಾರೆ. ಯಾರೋ ಸಾಬರು ಗಿರಾಕಿ ಹೇಳಿದ್ರಂತೆ, ಅಪ್ಪ ಅದನ್ನ ಲ್ಯಾಮಿನೇಷನ್ ಮಾಡ್ಸಿ ಇಟ್ಬಿಟ್ಟಿದ್ರು.

ನಾನು ಸುಮ್ನಿರ್ಲಾರ್ದೆ ಫೋಟೋ ತೆಗೆದು ಆನ್‌ಲೈನಲ್ಲಿ ಹಾಕ್ದೆ. ಎರಡೇ ದಿನಕ್ಕೆ ಫೋನು, ಮೂರು ಲಕ್ಷ ಕೊಡ್ತೀವಿ ಸರ್, ರಿಸರ್ವ್ ಬ್ಯಾಂಕ್ ಪರ್ಮಿಷನ್ನಿಗೆ ಮೊದ್ಲು 2,150 ಕಳ್ಸಿ ಅಂತ. ನಿಜ ಹೇಳ್ಬೇಕಂದ್ರೆ ಆಸೆ ಆಯ್ತು, ಕಳ್ಸೋಕೆ ಬೆರಳೂ ಇಟ್ಟಿದ್ದೆ. ಮಗಳು ಮೊಬೈಲ್ ಕಿತ್ಕೊಂಡು, ಹಳೇ ನೋಟಿನ ವ್ಯವಹಾರಕ್ಕೆ ನಾವು ಯಾವ ಫೀಸೂ ತಗೊಳಲ್ಲ ಅಂತ ರಿಸರ್ವ್ ಬ್ಯಾಂಕೇ 2021ರಲ್ಲಿ ಹೊರಡಿಸಿದ್ದ ಎಚ್ಚರಿಕೆ ತೋರಿಸಿದ್ಳು. ಬಚಾವ್.

ಆಮೇಲೆ ಬೆಂಗಳೂರಲ್ಲಿ ಹಳೇ ನೋಟು, ನಾಣ್ಯ ವ್ಯಾಪಾರ ಮಾಡೋ ಒಬ್ರ ಹತ್ರ ಹೋದೆ. ಲ್ಯಾಮಿನೇಷನ್ ನೋಡಿದ ತಕ್ಷಣ ತಲೆ ಅಲ್ಲಾಡಿಸಿದ್ರು. "ಇದನ್ನ ಬಿಚ್ಚಕ್ಕೂ ಆಗಲ್ಲ ಸರ್, ಬಿಚ್ಚಿದ್ರೆ ಹರಿಯುತ್ತೆ. ಪೂಜೆಗಿಡಿ." ಲಕ್ಷ ಅಂದಿದ್ದು ಅಷ್ಟಕ್ಕೇ ಮುಗೀತು. ಮಡಿಕೆ ಬೀಳದ, ಪಿನ್ ತೂತಿಲ್ಲದ, ಪೆನ್ನಲ್ಲಿ ಲೆಕ್ಕ ಬರೀದ ನೋಟಿಗೇ ಬೆಲೆ, ನಂಬರಿಗೆ ಆಮೇಲಂತೆ. ಸ್ಟಾರ್ ನೋಟೂ ಹಾಗೇ, ಪ್ರಿಂಟಲ್ಲಿ ಕೆಟ್ಟಿದ್ದಕ್ಕೆ ಬದ್ಲು ಸೇರಿಸೋ ನೋಟಿನ ನಂಬರಲ್ಲಿ 2006ರಿಂದ ನಕ್ಷತ್ರ ಹಾಕ್ತಾರೆ, ಎಲ್ಲಾ ಸ್ಟಾರೂ ಅಪರೂಪ ಏನಲ್ಲ.

ಒಂದ್ರೂಪಾಯಿ ನೋಟುಗಳನ್ನ ಮಾತ್ರ ಒಂದೊಂದೇ ತಿರುಗಿಸಿ ನೋಡಿದ್ರು. ಅದು ರಿಸರ್ವ್ ಬ್ಯಾಂಕಿಂದಲ್ಲ, ಭಾರತ ಸರ್ಕಾರದ್ದು, ಸಹಿ ಹಣಕಾಸು ಕಾರ್ಯದರ್ಶಿದು. ಒಂದ್ರಲ್ಲಿ ಮನಮೋಹನ್ ಸಿಂಗ್ ಸಹಿ ಇತ್ತು! ಮುಂದೆ ಗವರ್ನರ್ ಆದಾಗ ದೊಡ್ಡ ನೋಟುಗಳ ಮೇಲೂ ಅವರದೇ ಸಹಿ. ಎಲ್ಲಾ ಸೇರಿ ಎಂಟ್ನೂರು ಅಂದ್ರು, ನಾನು ಹೂಂ ಅಂದೆ.

ಕೊನೇಲಿ ಒಂದು ಎರಡ್ರೂಪಾಯಿ ನೋಟು ಕೈಲಿ ಹಿಡ್ಕೊಂಡು ಸುಮ್ನಾಗ್ಬಿಟ್ರು. ಲೆನ್ಸ್ ಹಾಕಿದ್ರು. ಹಿಂದುಗಡೆ ಆರ್ಯಭಟ ಉಪಗ್ರಹ ಇರೋದು, ಅದ್ರ ಒಂದು ಮೂಲೇಲಿ ಓರೆಯಾಗಿ ಒಂದು ಮಡಿಕೆ ಗೆರೆ, ಗೆರೆಯಿಂದಾಚೆ ಪ್ರಿಂಟೇ ಇಲ್ಲ, ಬರೀ ಬಿಳಿ.

"ಇದನ್ನ ಯಾರ್ ಸರ್ ಕತ್ತರಿಸಿದ್ದು?"

ಪ್ರಿಂಟ್ ಆಗೋಕ್ಮುಂಚೆ ಕಾಗದದ ಮೂಲೆ ಮಡಚಿಕೊಂಡಿದ್ರೆ, ಕಟಿಂಗ್ ಮಷೀನು ಆ ಮಡಚಿದ ಭಾಗಾನ ಬಿಟ್ಟು ಕತ್ತರಿಸುತ್ತೆ, ಬಿಚ್ಚಿದ್ರೆ ನೋಟಿಗೆ ಒಂದು ಕಿವಿ ಬಂದಿರುತ್ತೆ. ಇದಕ್ಕೆ ಬಟರ್‌ಫ್ಲೈ ಅಂತಾರಂತೆ, ನೋಟು ಸಂಗ್ರಹ ಮಾಡೋರು ಹುಡುಕ್ಕೊಂಡು ಬರ್ತಾರಂತೆ. ಅವರು ಇನ್ನೂ ಹೇಳ್ತಾನೇ ಇದ್ರು, ನಂಗೆ ಆ ಕಿವಿ ಕಣ್ಮುಂದೆ ಬಂತು. ನಾನಾಗ ಏಳನೇ ಕ್ಲಾಸು. ಗಿರಾಕಿ ಕೊಟ್ಟ ನೋಟಿನ ಮೂಲೇಲಿ ಕಾಗದ ಚಾಚ್ಕೊಂಡಿದೆ, ಯಾರೂ ತಗೊಳಲ್ಲ ಅಂತ ಅಪ್ಪ ಗೊಣಗ್ತಿದ್ರು. ನಾನು ಪೊಟ್ಟಣ ಕಟ್ಟೋ ಪೇಪರ್ ಕತ್ತರಿಸೋ ಕತ್ತರಿ ತಗೊಂಡು, ನಾಲಿಗೆ ಕಚ್ಕೊಂಡು, ಅಂಚಿಗೆ ಸರಿಯಾಗಿ ನೀಟಾಗಿ ಕತ್ತರಿಸಿ ಕೊಟ್ಟಿದ್ದೆ. ಕತ್ತರಿಸಿದ್ದು ಮೊದ್ಲೇ ನಡೆಯಲ್ಲ ಅಂತ ಅಪ್ಪ ತಲೆಗೆ ಒಂದು ಮೊಟಕಿ ಅದನ್ನ ಗಲ್ಲಾ ಅಡಿಗೆ ತುರುಕಿದ್ರು.

"ಗೊತ್ತಿಲ್ಲ ಸರ್, ಯಾರೋ ಗಿರಾಕಿ ಇರ್ಬೇಕು" ಅಂದೆ ಅವರಿಗೆ.

ಬಸ್ಸಲ್ಲಿದ್ದಾಗ ಅಮ್ಮ ಫೋನ್ ಮಾಡಿದ್ರು, "ಎಷ್ಟು ಬಂತೋ?"

"ಎಂಟ್ನೂರು ಕಣಮ್ಮ."

"ಪರ್ವಾಗಿಲ್ವೇ, ನಿಮ್ಮಪ್ಪ ಸುಮ್ನೆ ಇಟ್ಟಿರ್ಲಿಲ್ಲ ನೋಡು."

ಕತ್ತರಿ ವಿಷ್ಯ ಹೇಳ್ಲಿಲ್ಲ. ಆ ನೋಟು ಪರ್ಸಲ್ಲೇ ಇದೆ.