ಬ್ಯಾಟರಿ ಕಳಚುವ ಲ್ಯಾಪ್‌ಟಾಪ್ ಈಗೇಕೆ ಸಿಗುವುದಿಲ್ಲ?

ಬೆಂಗಳೂರಿನ ಎಸ್.ಪಿ. ರಸ್ತೆಯ ಒಳಗಲ್ಲಿಯೊಂದರಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುವ ನನಗೆ ವಾರಕ್ಕೆ ನಾಲ್ಕು ಸಲವಾದರೂ ಎದುರಾಗುವ ಪ್ರಶ್ನೆ ಒಂದಿದೆ. ಮೊದಲೆಲ್ಲ ತಳದ ಚಿಲಕ ಸರಿಸಿದರೆ ಬ್ಯಾಟರಿ ಕೈಗೆ ಬರುತ್ತಿತ್ತಲ್ಲ, ಈಗ ಅದನ್ನು ಒಳಗೆ ಹೂತಿಡುವುದೇಕೆ? ಕಳೆದ ತಿಂಗಳು ಇದನ್ನೇ ಕೇಳಿದವರು ಬಸವನಗುಡಿಯ ನಿವೃತ್ತ ಮೇಷ್ಟ್ರೊಬ್ಬರು. ಅವರು ತಂದ ದೂರು ಬ್ಯಾಟರಿಯದ್ದಲ್ಲ. ಟಚ್‌ಪ್ಯಾಡ್ ಒತ್ತಲು ಬರುತ್ತಿಲ್ಲ ಎಂಬುದಷ್ಟೇ. ತಳದ ಮುಚ್ಚಳ ಬಿಚ್ಚಿ ನೋಡಿದರೆ ಬ್ಯಾಟರಿ ಪೂರಿಯಂತೆ ಉಬ್ಬಿ, ಟಚ್‌ಪ್ಯಾಡನ್ನು ಕೆಳಗಿನಿಂದ ಎತ್ತಿ ಹಿಡಿದಿತ್ತು. “ಬೇಕೆಂದೇ ಹೀಗೆ ಮಾಡ್ತಾರೆ ಅಲ್ವೇನಪ್ಪಾ?” ಎಂದರು. “ಅರ್ಧ ಹೌದು, ಅರ್ಧ ಅಲ್ಲ ಸಾರ್” ಎಂದೆ. ಅಂದು ಅಂಗಡಿಯಲ್ಲಿ ಗಡಿಬಿಡಿಯಿತ್ತು. ಪೂರ್ತಿ ಉತ್ತರ ಇಲ್ಲಿದೆ.

ಹೊತ್ತೊಯ್ಯುವ ಕಂಪ್ಯೂಟರಿಗೆ ಬ್ಯಾಟರಿ ಇರಲೇಬೇಕೆಂಬ ನಿಯಮ ಮೊದಲಿಗೆ ಇರಲೇ ಇಲ್ಲ. ಬಾಲ್ಯವನ್ನು ನಮ್ಮ ಪಕ್ಕದ ರಾಜ್ಯದ ತಿರುವಣ್ಣಾಮಲೈಯಲ್ಲಿ ಕಳೆದ ಆಡಂ ಆಸ್ಬರ್ನ್ 1981ರಲ್ಲಿ ಮಾರುಕಟ್ಟೆಗೆ ತಂದ ‘ಆಸ್ಬರ್ನ್ 1’ ಸುಮಾರು 11 ಕಿಲೋ ತೂಗುತ್ತಿತ್ತು, ಹೊಲಿಗೆ ಯಂತ್ರದ ಪೆಟ್ಟಿಗೆಯಂತೆ ಕಾಣುತ್ತಿತ್ತು, ಮತ್ತು ಹೋದಲ್ಲೆಲ್ಲ ಗೋಡೆಯ ಪ್ಲಗ್ ಹುಡುಕುತ್ತಿತ್ತು. ಮರುವರ್ಷ ಬಂದ ‘ಗ್ರಿಡ್ ಕಂಪಾಸ್’ ಪುಸ್ತಕದಂತೆ ಮಡಚಿಕೊಳ್ಳುತ್ತಿತ್ತು. ಇಂದಿನ ಲ್ಯಾಪ್‌ಟಾಪಿನ ರೂಪವನ್ನು ಕೊಟ್ಟದ್ದು ಅದೇ. ಆದರೆ ಅದಕ್ಕೂ ಗೋಡೆಯ ಕರೆಂಟೇ ಗತಿ. 1983ರ ‘ಟಿಆರ್‌ಎಸ್-80 ಮಾಡೆಲ್ 100’ ಮಾತ್ರ ನಾಲ್ಕು ಪೆನ್ಸಿಲ್ ಸೆಲ್‌ಗಳಲ್ಲಿ ಸುಮಾರು 20 ಗಂಟೆ ಓಡುತ್ತಿತ್ತು, ಏಕೆಂದರೆ ಹಿಂದಿನಿಂದ ಬೆಳಕಿಲ್ಲದ ಅದರ ಪರದೆಯ ಮೇಲೆ ಮೂಡುತ್ತಿದ್ದುದು ಎಂಟು ಸಾಲು ಅಕ್ಷರಗಳು ಮಾತ್ರ. ಸೆಲ್ ಮುಗಿದರೆ ಬೀದಿಯ ಅಂಗಡಿಯಲ್ಲಿ ಹೊಸದು ಕೊಳ್ಳಬಹುದಿತ್ತು. ಆ ಸುಖ ಮತ್ತೆ ಬರಲಿಲ್ಲ. 1989ರಲ್ಲಿ ಆಪಲ್ ತನ್ನ 7 ಕಿಲೋ ತೂಕದ ‘ಮ್ಯಾಕಿಂಟಾಷ್ ಪೋರ್ಟಬಲ್’ಗೆ ಸ್ಕೂಟರಿನಲ್ಲಿರುವಂಥ ಸೀಸ-ಆಮ್ಲದ ಬ್ಯಾಟರಿ ಹಾಕಿತು. ಅದು ಪೂರ್ತಿ ಸತ್ತರೆ, ಪ್ಲಗ್ ಚುಚ್ಚಿದರೂ ಆ ಯಂತ್ರ ಏಳುತ್ತಿರಲಿಲ್ಲ.

ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. “ಪೂರ್ತಿ ಖಾಲಿ ಮಾಡಿಯೇ ಚಾರ್ಜಿಗೆ ಹಾಕಬೇಕಂತೆ” ಎಂದು ಇಂದಿಗೂ ನಂಬಿರುವ ಗಿರಾಕಿಗಳು ಆ ಕಾಲದ ವಾರಸುದಾರರು. ಇಂದಿನ ಲಿಥಿಯಂ ಬ್ಯಾಟರಿಗೆ ಹಾಗೆ ಮಾಡಿದರೆ ಅದರ ಆಯಸ್ಸೇ ಕಡಿಮೆಯಾಗುತ್ತದೆ. ಸೋನಿ 1991ರಲ್ಲಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದ ಮೇಲೆ ಚಿತ್ರವೇ ಬದಲಾಯಿತು. ಮುಂದೆ ಲ್ಯಾಪ್‌ಟಾಪ್‌ಗಳಲ್ಲಿ ನೆಲೆಯೂರಿದ ಸೆಲ್‌ನ ಹೆಸರು 18650. ಆ ಹೆಸರಿನಲ್ಲೇ ಅದರ ಅಳತೆಯಿದೆ: 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದ.

‘ಸಿಕ್ಸ್ ಸೆಲ್’ ಬ್ಯಾಟರಿಯ ಪ್ಲಾಸ್ಟಿಕ್ ಹೊದಿಕೆಯನ್ನು ಸೀಳಿದರೆ ಇಂಥ ಆರು ಉರುಳೆಗಳು ಜೋಡಿ ಜೋಡಿಯಾಗಿ, ನಿಕಲ್ ಪಟ್ಟಿಯ ಬೆಸುಗೆಯಲ್ಲಿ ಕಾಣುತ್ತವೆ; ಮೂರು ಜೋಡಿಗಳು ಸರಣಿಯಲ್ಲಿರುವುದರಿಂದ ಮೇಲಿನ ಚೀಟಿಯಲ್ಲಿ 11.1 ವೋಲ್ಟ್ ಎಂದಿರುತ್ತದೆ. ಸತ್ತಿದೆ ಎಂದು ಬಂದ ಪ್ಯಾಕಿನಲ್ಲಿ ಮಲ್ಟಿಮೀಟರ್ ಇಟ್ಟು ನೋಡಿದರೆ ಎಷ್ಟೋ ಸಲ ಎರಡು ಜೋಡಿಗಳು ಗಟ್ಟಿಯಾಗಿಯೇ ಇದ್ದು, ಮೂರನೆಯದು ಮಾತ್ರ ಕುಸಿದಿರುತ್ತದೆ, ಅದನ್ನು ಕಂಡ ಒಳಗಿನ ಕಾವಲು ಚಿಪ್ ಇಡೀ ಪ್ಯಾಕನ್ನೇ ಮುಚ್ಚಿಬಿಟ್ಟಿರುತ್ತದೆ.

ಹಳೆಯ ಲ್ಯಾಪ್‌ಟಾಪ್‌ಗಳ ಹಿಂಬದಿ ಅಷ್ಟು ದಪ್ಪಗಿದ್ದುದಕ್ಕೆ ಆ 18 ಮಿಲಿಮೀಟರಿನ ಉರುಳೆಯೇ ಮುಖ್ಯ ಕಾರಣ. 2008ರಲ್ಲಿ ಆಪಲ್ ಕಾಗದದ ಲಕೋಟೆಯೊಳಗಿಂದ ತೆಗೆದು ತೋರಿಸಿದ ‘ಮ್ಯಾಕ್‌ಬುಕ್ ಏರ್’ ಪರದೆ, ಕೀಲಿಮಣೆ ಎಲ್ಲ ಸೇರಿ, ಅದರ ಅತಿ ದಪ್ಪನೆಯ ಜಾಗದಲ್ಲೇ 19.4 ಮಿಲಿಮೀಟರ್ ಇತ್ತು. ಅಲ್ಲಿ ಉರುಳೆಗೆ ಜಾಗವೆಲ್ಲಿ? ಚಪ್ಪಟೆ ಚೀಲದಂಥ ಲಿಥಿಯಂ-ಪಾಲಿಮರ್ ಬ್ಯಾಟರಿ ಬೇಕಾಯಿತು. ಆ ಚೀಲಕ್ಕೆ ಲೋಹದ ಕವಚವಿಲ್ಲ. ಚುಚ್ಚಿದರೆ ಬೆಂಕಿ ಹೊತ್ತಬಹುದು. ಬಳಸುವವರ ಕೈಗೆ ಸಿಗುವಂತಿರಬೇಕಾದರೆ ಅದಕ್ಕೆ ಗಟ್ಟಿ ಪ್ಲಾಸ್ಟಿಕ್ಕಿನ ಡಬ್ಬಿ, ಕೂರಲು ಗುಂಡಿ, ಹಿಡಿದಿಡಲು ಚಿಲಕ ಎಲ್ಲ ಬೇಕು. ತೆಳುವಾಗಬೇಕೆಂದು ಹೊರಟವರು ಇವುಗಳನ್ನೆಲ್ಲ ಬಿಟ್ಟು ಬ್ಯಾಟರಿಯನ್ನು ಒಳಗೆ ಸೇರಿಸಿದರು. ಮೇಷ್ಟ್ರಿಗೆ ನಾನು ‘ಅಲ್ಲ’ ಎಂದ ಅರ್ಧ ಇದು. ತೆಳುವಾದದ್ದೇ ಬೇಕೆಂದು ಕೇಳಿ ಕೊಂಡವರು ನಾವೂ ಹೌದು.

ಇನ್ನರ್ಧ ಅಂಟಿನ ಕಥೆ. ಅದೇ 2008ರ ‘ಏರ್’ನಲ್ಲಿ ಬ್ಯಾಟರಿ ಒಳಗಿದ್ದರೂ ಸ್ಕ್ರೂಗಳಲ್ಲಿ ನಿಂತಿತ್ತು. 2012ರ ರೆಟಿನಾ ಪರದೆಯ ‘ಮ್ಯಾಕ್‌ಬುಕ್ ಪ್ರೊ’ದಲ್ಲಿ ಅದನ್ನು ಚೌಕಟ್ಟಿಗೇ ಅಂಟಿಸಿದರು. ಇಂದಿಗೂ ಹಲವು ತೆಳು ಯಂತ್ರಗಳಲ್ಲಿ ಬ್ಯಾಟರಿಯನ್ನು ಹಿಡಿದಿಡಲು ಕೆಲವು ಸ್ಕ್ರೂಗಳೇ ಸಾಕಾಗುತ್ತಿರುವಾಗ, ಅಂಟು ಅನಿವಾರ್ಯವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಬಳಸುವವರೇ ಬ್ಯಾಟರಿ ತೆಗೆಯುವಂತಿರಬೇಕೆಂಬ ಯುರೋಪಿಯನ್ ಒಕ್ಕೂಟದ ನಿಯಮವನ್ನು 2027ರ ಫೆಬ್ರವರಿಯಿಂದ ಅನ್ವಯವಾಗುವಂತೆ ಬರೆಯಲಾಗಿದೆ. ಅಲ್ಲಿಗೆಂದು ಮಾಡಿದ ವಿನ್ಯಾಸವೇ ನಮ್ಮ ಅಂಗಡಿಗಳಿಗೂ ಬಂದೀತೆಂಬುದು ನನ್ನ ಆಸೆ.

ಮೇಷ್ಟ್ರ ಯಂತ್ರದಲ್ಲಿ ಇದ್ದದ್ದು ಅಂಟೇ. ಉಬ್ಬಿದ ಚೀಲವನ್ನು ಲೋಹದ ಸಲಾಕೆಯಿಂದ ಮೀಟುವಂತಿಲ್ಲ. ಐಸೊಪ್ರೊಪೈಲ್ ಆಲ್ಕೊಹಾಲ್ ಹನಿಸಿ, ದಾರವನ್ನು ಗರಗಸದಂತೆ ಎಳೆದೆಳೆದು ಬಿಡಿಸಲು ಒಂದೂಕಾಲು ಗಂಟೆ ಹಿಡಿಯಿತು. ಹೊಸದನ್ನು ಕೂರಿಸಲು ಹತ್ತು ನಿಮಿಷ. ಹಳೆಯದನ್ನು ಮರಳಿನ ಬಕೆಟ್ಟಿಗೆ ಹಾಕಿ ಬಿಲ್ ಬರೆಯುವಾಗ, ಕೂಲಿ ಇಷ್ಟೇಕೆ ಎಂದು ಅವರು ಕೇಳಲಿಲ್ಲ. ಅಷ್ಟು ಹೊತ್ತೂ ಎದುರಿನ ಸ್ಟೂಲಿನ ಮೇಲೆ ಕುಳಿತು ದಾರವನ್ನೇ ನೋಡುತ್ತಿದ್ದರು.