ಫೋಟೋ ಸಾಕಲ್ವಾ, ಚಿತ್ರ ಯಾಕೆ?

ದಾವಣಗೆರೆಯ ದೋಸೆ ಹೋಟೆಲಲ್ಲೋ ಮಂಡಕ್ಕಿ ಅಂಗಡಿ ಮುಂದೋ ಸ್ಕೆಚ್‌ಬುಕ್ ಬಿಚ್ಚಿ ಕೂತರೆ ಸಾಕು, ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಮೊಬೈಲ್ ಇದೆಯಲ್ಲ, ಒಂದು ಫೋಟೋ ಹೊಡ್ಕೊಂಡು ಬಿಸಿಬಿಸಿ ತಿನ್ನೋದು ಬಿಟ್ಟು ಇದೆಲ್ಲ ಯಾಕೆ?"

ತಿನ್ನೋದನ್ನು ನಾನೇನೂ ಬಿಟ್ಟಿಲ್ಲ. ಬೆಣ್ಣೆ ದೋಸೆ ಮೊದಲು ಹೊಟ್ಟೆಗೆ, ಆಮೇಲೆ ಕಾಗದಕ್ಕೆ.

ಫೋಟೋದಲ್ಲಿ ನಮಗೆ ಗೊತ್ತಿಲ್ಲದ್ದೂ ಬಂದುಬಿಡುತ್ತದೆ. ಚಿತ್ರದಲ್ಲಿ ಗೊತ್ತಿಲ್ಲದ ಕಡೆ ಗೆರೆ ನಿಂತುಹೋಗುತ್ತದೆ. ಆಗ ಬಾಯಿಬಿಟ್ಟು ಕೇಳಲೇಬೇಕು.

ಮಂಡಕ್ಕಿ ಭಟ್ಟಿಯನ್ನೇ ನೋಡಿ. ಊರಲ್ಲಿ ಆ ಹೆಸರಿನ ಬಡಾವಣೆಯೇ ಇದೆ. ಫೋಟೋದಲ್ಲಿ ಸಿಗುವುದು ಹೊಗೆ, ಬಿಳಿ ರಾಶಿ, ಅಷ್ಟೇ. ಬರೆಯಲು ಕೂತಾಗ ಬಾಣಲೆಯಲ್ಲಿರುವ ಕಪ್ಪನೆಯದು ಏನು ಅಂತ ಕೇಳಬೇಕಾಯಿತು. ಮರಳು! ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಹೊಟ್ಟು ತೆಗೆದು, ಅಕ್ಕಿಗೆ ಉಪ್ಪುನೀರು ಹಿಡಿಸಿ ಹುರಿದು, ಕೊನೆಗೆ ಆ ಸುಡುಮರಳಿಗೆ ಸುರಿಯುತ್ತಾರೆ. ಚಟಪಟ ಅರಳಿದ್ದೇ ತಡ, ಜರಡಿಗೆ. ಮರಳು ಕೆಳಗೆ, ಮಂಡಕ್ಕಿ ಮೇಲೆ. ಜರಡಿ ಆಡಿಸುವವರ ಮಣಿಕಟ್ಟಿಗೆ ಬಟ್ಟೆ ಸುತ್ತಿತ್ತು. ಗಾಯವೇನೋ ಅಂದುಕೊಂಡೆ. "ಮರಳು ಸಿಡೀತದೆ ಸಾರ್," ಅಂದರು, ತಲೆ ಎತ್ತದೆ. ಬೆಣ್ಣೆ ದೋಸೆಯ ಹಿಟ್ಟಿಗೂ ಹೋಗುವುದು ಮಂಡಕ್ಕಿಯೇ. ದೋಸೆಯ ಬಗ್ಗೆ ಬರೆಯುವವರು ಬೆಣ್ಣೆಯನ್ನು ಹೊಗಳುತ್ತಾರೆ, ಭಟ್ಟಿಯ ಕಡೆ ಹೋಗುವುದಿಲ್ಲ. ನನಗೆ ಅದು ಸರಿ ಕಾಣುವುದಿಲ್ಲ.

ಇನ್ನೊಂದು ಲಾಭವಿದೆ. ಕ್ಯಾಮೆರಾ ಎತ್ತಿದರೆ ಜನ ಬಿಗಿಯಾಗುತ್ತಾರೆ. ಪೆನ್ಸಿಲ್ ಹಿಡಿದರೆ ತಪ್ಪು ಹುಡುಕಲು ಹತ್ತಿರ ಬರುತ್ತಾರೆ. "ಮಿರ್ಚಿ ಇಷ್ಟು ಸಣ್ಣಗೆ ಬರೀತಾರೇನ್ರೀ?" ಅಂತ ಶುರುವಾದ ಮಾತು ಹತ್ತಿ ಮಿಲ್ಲುಗಳವರೆಗೂ ಹೋಯಿತು. ಹಾಗೆ ಶುರು ಮಾಡಿದವರು ಹಿಂದೆ ಮಿಲ್ಲಿನಲ್ಲಿ ದುಡಿದವರು. ಪಾಳಿ ಬಿಟ್ಟಮೇಲೆ ಗೆಳೆಯರೆಲ್ಲ ಸೇರಿ ಒಂದೇ ಪೇಪರ್ ಮೇಲೆ ಖಾರ ಮಂಡಕ್ಕಿ ಸುರಿದುಕೊಂಡು ತಿನ್ನುತ್ತಿದ್ದರಂತೆ. ಯಾವಾಗ ಅಂದರೆ, "ನಾವಿನ್ನೂ ಚಿತ್ರದುರ್ಗ ಜಿಲ್ಲೇಲಿದ್ದಾಗ." ಅಂದರೆ ದಾವಣಗೆರೆ ಬೇರೆ ಜಿಲ್ಲೆಯಾದ 1997ಕ್ಕೂ ಮುಂಚೆ. ಅಂಗಡಿ ಮಿಲ್ಲಿನ ಗೇಟಿಗೆ ಎದುರಿತ್ತು ಅಂದರು ಅವರು. ಜೊತೆಗಿದ್ದ ಗೆಳೆಯರೊಬ್ಬರು ಒಪ್ಪಲಿಲ್ಲ, ಅದು ಮೂಲೆ ತಿರುವಿನಲ್ಲಿತ್ತಂತೆ, ಅದರ ಮಿರ್ಚಿಗೆ ಖಾರವೇ ಇರಲಿಲ್ಲವಂತೆ. ಇಬ್ಬರೂ ಪಟ್ಟು ಬಿಡಲಿಲ್ಲ. ಅಂಗಡಿಯನ್ನು ಎರಡೂ ಕಡೆ ಬರೆದು, ಕೆಳಗೆ ಇಬ್ಬರ ಮಾತನ್ನೂ ಹಾಗೇ ಬರೆದುಕೊಂಡೆ.